ಕಂಬಳಿಯ ಗಾಳಿಚೀಲ

ಚಿಕ್ಕೀರಪ್ಪ. ನಲವತ್ತೊಂದು ವರ್ಷ ಒಂದೇ ಮನೆಯಲ್ಲಿ ಬಾಳಿಯೂ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮಲ್ಲಿ ಗಂಡನ ಹೆಸರು ಹಿಡಿಯುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮರಣದ ಚೀಟಿ ಬರೆಯುವವನು ಕೇಳಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವತ್ತು ಮೊದಲ ಸಲ ಹೇಳಿದೆ. ಒಂದು ಸಲ ಹೇಳಿದ ಮೇಲೆ ಬರೆಯುವುದಕ್ಕೇನು.

ಅವರು ಹುಟ್ಟಿದ್ದು ಬಿ.ಜಿ. ಕೆರೆಯ ಹತ್ತಿರದ ಹಟ್ಟಿಯಲ್ಲಿ. ಹನ್ನೆರಡನೇ ವಯಸ್ಸಿಗೆ ಕುರಿಯ ಹಿಂದೆ ಹೋದರು. ನಲವತ್ತು ವರ್ಷ ಹೋದರು. ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಆಂಧ್ರದ ಕಡೆಗೆ ದಾಟುತ್ತಿದ್ದರು. ಅಲ್ಲಿ ತೆಲುಗು ಕಲಿತರು. ಕುರಿಗಳನ್ನು ಬೈಯುವುದೆಲ್ಲ ತೆಲುಗಿನಲ್ಲೇ. ಯಾಕೆ ಎಂದು ಕೇಳಿದರೆ, "ಕನ್ನಡದಾಗೆ ಬೈದ್ರೆ ಅವಕ್ಕೆ ಅರ್ಥ ಆಗ್ತೈತೆ, ಪಾಪ" ಎನ್ನುತ್ತಿದ್ದರು.

ಉದ್ದ ಮುಖ, ದೊಡ್ಡ ಕಿವಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಎಷ್ಟು ಬರುತ್ತದೆ ಎನ್ನುವುದು ಅವರಿಗೆ ಕಿವಿಯಿಂದ ಗೊತ್ತಾಗುತ್ತಿತ್ತು. ತಲೆಗೆ ಸುತ್ತಿದ ಟವಲ್ ತೆಗೆದು ಸುಮ್ಮನೆ ನಿಲ್ಲುತ್ತಿದ್ದರು. ತೋಳ ಬಂದರೆ ತನ್ನ ವಾಸನೆ ಕುರಿಗೆ ಸಿಗದ ಹಾಗೆ ಗಾಳಿಗೆ ಎದುರಾಗಿ ಬರುತ್ತದಂತೆ. ಕುರಿ ಕಾಯುವವನಿಗೆ ಅದು ಗೊತ್ತಿರಲೇಬೇಕು.

ನನ್ನ ತವರು ಚಳ್ಳಕೆರೆ ಕಡೆಯ ಕಂಬಳಿ ನೇಯುವವರ ಮನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿ ರಾಟೆಯ ಮುಂದೆ ಕೂರಿಸಿದರು. ಉಣ್ಣೆ ನೂಲುವುದು, ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದು, ಪಟ್ಟಿ ಜೋಡಿಸಿ ಹೊಲಿಯುವುದು ನನ್ನ ಕೆಲಸ. ಗಂಜಿ ಹಾಕಿದ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ. ಗಂಜಿ ಇಲ್ಲದ ಹೊಸ ಕಂಬಳಿಯನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ.

ಐವತ್ತು ದಾಟಿದ ಮೇಲೆ ಅವರ ಮಂಡಿ ಕೆಟ್ಟಿತು. ಕುರಿಯ ಹಿಂದೆ ನಡೆಯಲು ಆಗಲಿಲ್ಲ. ಅದೇ ಹೊತ್ತಿಗೆ ನಮ್ಮ ಕುರಿ ಮೇಯುವ ಕಾವಲಿನ ಅಂಚಿನಲ್ಲಿ ಹೊರಗಿನವರು ಯಾರೋ ವಿಮಾನ ಕಲಿಸುವ ಶಾಲೆ ತೆರೆದರು. ಕುದಾಪುರದ ಕಡೆಯ ವಿಜ್ಞಾನಿಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸಣ್ಣದು. ಒಂದು ರನ್‌ವೇ, ತಗಡಿನ ಒಂದು ಶೆಡ್ಡು, ಸುತ್ತ ತಂತಿಬೇಲಿ, ಎರಡು ಸೀಟಿನ ಎರಡು ವಿಮಾನ. ಊರಿನವರು ಆ ವಿಮಾನಗಳನ್ನು ಗುಬ್ಬಿ ಎಂದು ಕರೆದರು.

ಶಾಲೆಯ ಮ್ಯಾನೇಜರ್ ಅಮರೇಶ್ ಇವರನ್ನು ಕಾವಲಿಗೆ ಇಟ್ಟುಕೊಂಡ.

"ಕುರಿ, ನಾಯಿ, ಹಕ್ಕಿ, ಜನ. ಯಾವ್ದೂ ರನ್‌ವೇ ಮೇಲೆ ಬರ್ಬಾರ್ದು ಚಿಕ್ಕೀರಪ್ಪ."

"ಜನ ಬಂದ್ರೆ ಯಾವ ಭಾಷೇಲಿ ಬೈಲಿ ಸಾರ್?"

ಅವರಿಗೆ ಒಂದು ಟೋಪಿ ಕೊಟ್ಟರು. ಕಿವಿ ಮುಚ್ಚುತ್ತದೆ ಎಂದು ಹಾಕಿಕೊಳ್ಳಲಿಲ್ಲ. ಬೆಳಗಾಗುತ್ತಲೇ ರನ್‌ವೇ ಉದ್ದಕ್ಕೂ ಬರಿಗಾಲಿನಲ್ಲಿ ನಡೆಯುತ್ತಿದ್ದರು. ಕಣ್ಣಿಗೆ ಕಾಣದ ಹರಳು ಕಾಲಿಗೆ ಸಿಗುತ್ತದೆ ಎನ್ನುವುದು ಅವರ ಲೆಕ್ಕ. ಗಾಳಿಚೀಲ ನೋಡಿಕೊಳ್ಳುವುದೂ ಅವರ ಕೆಲಸವೇ ಆಯಿತು.

ಗಾಳಿಚೀಲ ಎಂದರೆ ರನ್‌ವೇ ಪಕ್ಕದ ಕಂಬದ ತುದಿಗೆ ಕಟ್ಟುವ ಬಟ್ಟೆಯ ಚೀಲ. ಎರಡೂ ಕಡೆ ಬಾಯಿ. ಗಾಳಿ ಬಂದರೆ ಉಬ್ಬಿ ಏಳುತ್ತದೆ, ಗಾಳಿ ಹೋಗುವ ಕಡೆಗೆ ಬಾಲ ತೋರಿಸುತ್ತದೆ. ಗಾಳಿ ಇಲ್ಲದಿದ್ದರೆ ಜೋತು ಬೀಳುತ್ತದೆ. ವಿಮಾನ ಇಳಿಸುವವರು ಮೇಲಿನಿಂದ ಅದನ್ನು ನೋಡಿಕೊಂಡು ಇಳಿಸುತ್ತಾರೆ.

"ಮ್ಯಾಲಿದ್ದೋರಿಗೆ ಕೆಳಗಿನ ಗಾಳಿ ಹೇಳೋದು ಅದೊಂದೇ ಕಣೇ" ಎಂದು ನನಗೆ ತಿಳಿಸಿಕೊಟ್ಟಿದ್ದರು.

ನಾಲ್ಕು ವರ್ಷದ ಹಿಂದಿನ ಆಷಾಢದಲ್ಲಿ ಆ ಚೀಲ ಒಂದೇ ತಿಂಗಳಲ್ಲಿ ಎರಡು ಸಲ ಹರಿಯಿತು. ನಮ್ಮ ಕಡೆಯ ಆಷಾಢದ ಗಾಳಿ ಎಂದರೆ ಮನೆಯ ತಗಡು ಹಾರಿಸುವ ಗಾಳಿ. ಹೊಸದು ಬರಲು ಇನ್ನೂ ದಿನ ಹಿಡಿಯುತ್ತದೆ ಎಂದ ಅಮರೇಶ್. "ಅಲ್ಲೀ ತನಕ ಏನಾದ್ರೂ ಕಟ್ಟಯ್ಯ. ಬರೀ ಕಂಬ ನಿಲ್ಬಾರ್ದು" ಎಂದ. ಇವರು ಹರಿದ ಚೀಲವನ್ನು ಮನೆಗೆ ತಂದರು. ಹೊಲಿಯಲು ಹೋದರೆ ಬಟ್ಟೆ ಪುಡಿಪುಡಿ.

ನಾನೇ ಬಾಯಿ ಹಾಕಿದೆ.

"ಬಿಡ್ರಿ ಇದ್ನ. ಕಂಬಳೀಲಿ ಹೊಲ್ದು ಕೊಡ್ತೀನಿ. ನಿಮ್ಮ ಗುಬ್ಬಿ ಮುರಿದ್ರೂ ಇದು ಹರಿಯಲ್ಲ."

ಹೀಗೆ ಹೇಳಿದ್ದು ನಾನು. ಬೇರೆ ಯಾರೂ ಅಲ್ಲ.

ಕರಿ ಪಟ್ಟಿ, ಬಿಳಿ ಪಟ್ಟಿ ಜೋಡಿಸಿ ಹೊಲಿದೆ. ಕಂಬಳಿಗೆ ಹಾಕುವ ಹಾಗೆಯೇ ಗಟ್ಟಿಯಾಗಿ ಗಂಜಿ ಹಾಕಿದೆ. ಕಂಬಕ್ಕೆ ಏರಿಸಿದರೆ ಬಾಯಿ ತೆರೆದುಕೊಂಡು ಚೆನ್ನಾಗಿ ನಿಂತಿತು. ಆಷಾಢದ ಗಾಳಿ ಅದರ ಒಂದು ಎಳೆ ಕೀಳಲಿಲ್ಲ. ವಿಮಾನ ಕಲಿಸುವ ಕ್ಯಾಪ್ಟನ್ ಸಾಹೇಬರು ಉತ್ತರದ ಕಡೆಯವರು. ಅವರು ಬಂದು ಫೋಟೋ ತೆಗೆದುಕೊಂಡು ಇವರ ಬೆನ್ನು ತಟ್ಟಿದರು. ಅಮರೇಶ್ ಹೊಸ ಚೀಲ ಬೇಡವೆಂದು ಫೋನು ಮಾಡಿ ಹೇಳಿಬಿಟ್ಟ.

ಮಳೆಗೆ ಕಂಬಳಿ ನೀರು ಕುಡಿದು ಭಾರವಾಗುತ್ತದೆ. ಗಂಜಿ ಕರಗಿ ಮೆತ್ತಗಾಗುತ್ತದೆ. ಇದು ನಮಗೆ ಹೊಸ ಸಂಗತಿಯೇ? ನೆಂದ ಕಂಬಳಿ ಹೊತ್ತುಕೊಂಡೇ ಅವರು ಅರ್ಧ ಆಯಸ್ಸು ಕಳೆದಿದ್ದರು. ಹೆಗಲ ಮೇಲೆ ಗೊತ್ತಿದ್ದದ್ದು ಕಂಬದ ಮೇಲೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆಗ ಶಾಲೆಯಲ್ಲಿ ಕಲಿಯುತ್ತಿದ್ದವರಲ್ಲಿ ದಾಕ್ಷಾಯಿಣಿ ಒಬ್ಬಳು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ಇಟ್ಟಿರುವ ಜಂಬುಲಿಂಗಪ್ಪನವರ ಮಗಳು. ಇಪ್ಪತ್ಮೂರು ವರ್ಷ. ಅಪ್ಪನಿಗೆ ಇಷ್ಟವಿರಲಿಲ್ಲ. ಎರಡು ವರ್ಷ ಹಟ ಮಾಡಿ ಒಪ್ಪಿಸಿದ್ದಳು. ಒಂದು ತಪ್ಪು ಮಾಡಿದರೂ ವಾಪಸ್ಸು ಬಂದು ಮಿಲ್ಲಿನ ಆಫೀಸಿನಲ್ಲಿ ಕೂರಬೇಕು ಎನ್ನುವುದು ಅಪ್ಪ ಮಗಳ ಒಪ್ಪಂದ. ಇದನ್ನು ಅವಳೇ ನಮ್ಮವರ ಹತ್ತಿರ ಹೇಳಿಕೊಂಡಿದ್ದಳು. ಗೇಟಿನಲ್ಲಿ ದಿನಾ ಇವರನ್ನು ಮಾತಾಡಿಸದೆ ಒಳಗೆ ಹೋಗುತ್ತಿರಲಿಲ್ಲ.

"ಅಜ್ಜಾ, ಗಾಳಿ ಹೆಂಗೈತೆ ಇವತ್ತು?"

"ಅಜ್ಜ ಅಂದ್ರೆ ಹೇಳಲ್ಲ ಹೋಗು. ನಿಮ್ಮಪ್ಪಂಗೂ ನಂಗೂ ಒಂದೇ ವಯಸ್ಸು."

"ನಮ್ಮಪ್ಪಂಗೆ ತಲೆ ಕರ್ರಗೈತೆ."

"ನಿಮ್ಮಪ್ಪ ಬಣ್ಣ ಬಳಿತಾನೆ. ಗಾಳಿ ಪಡುವಲಿಂದ ಐತೆ, ತಣ್ಣಗೈತೆ. ಹೋಗು, ಹುಷಾರು."

ಭಾದ್ರಪದದ ಒಂದು ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಮಳೆ ಬಂತು. ಕಾಲು ಗಂಟೆ ಹೊಡೆದು ನಿಂತಿತು. ಬಿಸಿಲು ಬಿತ್ತು. ನಾನು ಬುತ್ತಿ ಕೊಡಲು ಹೋಗಿದ್ದೆ. ಅವತ್ತು ದಾಕ್ಷಾಯಿಣಿ ಒಬ್ಬಳೇ ವಿಮಾನ ಹಾರಿಸುತ್ತಿದ್ದಳು. ಒಬ್ಬಳೇ ಹಾರಿಸಿದ್ದು ಅದು ಮೂರನೇ ದಿನವಂತೆ. ಎರಡು ಸುತ್ತು ಸರಿಯಾಗಿ ಇಳಿಸಿ ಏರಿಸಿದ್ದಳು. ಹೊರಗೆ ನಿಂತು ನೋಡುತ್ತಿದ್ದ ಕ್ಯಾಪ್ಟನ್ ಸಾಹೇಬರಿಗೆ ಫೋನು ಬಂತು. ಅವರು ಶೆಡ್ಡಿನೊಳಗೆ ಹೋದರು.

ವಿಮಾನ ಮೂರನೇ ಸಲ ಇಳಿಯಲು ತಿರುಗಿತು. ನಮ್ಮವರು ಬುತ್ತಿಗಂಟು ಬಿಚ್ಚುತ್ತಿದ್ದವರು ತಟ್ಟನೆ ನಿಂತರು. ತಲೆಯ ಟವಲ್ ಕಿತ್ತರು. ಮುಖವನ್ನು ಒಂದು ಕಡೆಗೆ ತಿರುಗಿಸಿದರು.

"ಗಾಳಿ ತಿರುಗೈತೆ. ಅಡ್ಡ ಬಡೀತಾ ಐತೆ" ಎಂದರು.

ಕಂಬದ ಕಡೆ ನೋಡಿದರು. ನಾನೂ ನೋಡಿದೆ. ನನ್ನ ಸೆರಗು ಹಾರುತ್ತಿತ್ತು. ಕಂಬದ ಮೇಲೆ ಚೀಲ ಅಲ್ಲಾಡದೆ ಜೋತುಬಿದ್ದಿತ್ತು.

ಅವರು ಟವಲ್ ಬೀಸುತ್ತಾ ರನ್‌ವೇ ಕಡೆಗೆ ಓಡಿದರು. ಆ ಮಂಡಿ ಇಟ್ಟುಕೊಂಡು ಓಡಿದರು. ಆ ಹುಡುಗಿಗೆ ಕಾಣಲಿಲ್ಲ. ಕಂಡಿದ್ದರೂ ಏನು ತಿಳಿಯುತ್ತಿತ್ತು.

ಮೊದಲು ಒಂದೇ ಚಕ್ರ ನೆಲ ಮುಟ್ಟಿತು. ವಿಮಾನ ಪುಟಿಯಿತು. ಗಾಳಿ ಬರುತ್ತಿದ್ದ ಕಡೆಯ ರೆಕ್ಕೆ ಮೇಲೆದ್ದಿತು. ಅವಳು ಅದನ್ನು ಒತ್ತಿ ಹಿಡಿಯಲು ನೋಡಿದಳು ಎಂದು ಕಾಣುತ್ತದೆ. ವಿಮಾನ ಅವಳ ಮಾತು ಕೇಳಲಿಲ್ಲ. ಮೂತಿ ತಿರುಗಿಸಿಕೊಂಡು ರನ್‌ವೇ ಬಿಟ್ಟು ಕೆಂಪು ಮಣ್ಣಿಗೆ ಇಳಿಯಿತು. ಹಸಿ ಮಣ್ಣಿನಲ್ಲಿ ಚಕ್ರ ಹೂತಿತು. ಗಿರ್ರೆಂದು ತಿರುಗಿ ಮಳೆನೀರಿನ ಕಾಲುವೆಗೆ ಮೂತಿ ಹೊಡೆದು ನಿಂತಿತು. ಖಾಲಿ ಎಣ್ಣೆ ಡಬ್ಬ ತುಳಿದ ಹಾಗೆ ಸದ್ದು. ಆಮೇಲೆ ಏನೂ ಸದ್ದಿಲ್ಲ.

ಮೊದಲು ಹೋಗಿ ಮುಟ್ಟಿದವರು ಇವರೇ. ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಬೆಲ್ಟು ಬಿಚ್ಚಲು ಬರಲಿಲ್ಲ. ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ಚಾಕುವಿನಿಂದ ಕೊಯ್ದು ಅವಳನ್ನು ಎಳೆದು ಹೊರಗೆ ತಂದರು. ಹಣೆಯಲ್ಲಿ ರಕ್ತ. ಭುಜದ ಮೂಳೆ ಮುರಿದಿತ್ತು. ಅವಳು ಅಳಲಿಲ್ಲ.

"ಅಜ್ಜಾ, ಚೀಲ ಜೋತು ಬಿದ್ದಿತ್ತು. ನಾನು ನೋಡ್ದೆ. ಗಾಳಿ ಇರ್ಲಿಲ್ಲ. ಅಲ್ವಾ ಅಜ್ಜಾ?"

"ಸುಮ್ನಿರು ಮಗಾ" ಎಂದರು ಇವರು.

ಅವಳನ್ನು ಚಳ್ಳಕೆರೆಗೆ ಕಳಿಸಿದ ಮೇಲೆ ಅಮರೇಶ್ ಎಲ್ಲ ಕಡೆಯಿಂದ ಫೋಟೋ ತೆಗೆದ. ಅಷ್ಟು ಹೊತ್ತಿಗೆ ಮಧ್ಯಾಹ್ನ. ಬಿಸಿಲಿಗೂ ಗಾಳಿಗೂ ಚೀಲ ಒಣಗಿತ್ತು. ಫೋಟೋದಲ್ಲಿ ಅದು ನೆಟ್ಟಗೆ ಎದ್ದು ನಿಂತಿದೆ. ಮಗು ಕಂಡಿದ್ದೇ ಬೇರೆ, ಫೋಟೋದಲ್ಲಿ ಇರುವುದೇ ಬೇರೆ. ಹುಡುಗಿ ಚೀಲ ನೋಡದೆಯೇ ಇಳಿಸಿದ್ದಾಳೆ, ಈಗ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದು ಎಲ್ಲರೂ ಮಾತಾಡಿಕೊಂಡರು. ಹುಡುಗಿಯರ ಕೈಗೆ ವಿಮಾನ ಕೊಟ್ಟರೆ ಇನ್ನೇನಾಗುತ್ತದೆ ಎಂದರು ಊರಿನವರು.

ಮಾರನೇ ದಿನ ಇವರು ಆಸ್ಪತ್ರೆಗೆ ಹೋದರು. ಸಂಜೆ ಬಂದು ಕಟ್ಟೆಯ ಮೇಲೆ ಕೂತರು. ಮುದ್ದೆ ಇಟ್ಟರೆ ಮುಟ್ಟಲಿಲ್ಲ.

"ಹೆಂಗೈತೆ ಹುಡ್ಗಿ?"

"ಒಳಗೆ ಹೋಗ್ಲಿಲ್ಲ. ಅವ್ರಪ್ಪ ಬೈತಿದ್ದ. ಬಾಗ್ಲಲ್ಲೇ ನಿಂತಿದ್ದೆ. ಕಣ್ಣು ಮುಚ್ಕೊಂಡು ಇಳ್ಸಿ ಈಗ ಸುಳ್ಳು ಬೇರೆ ಹೇಳ್ತೀಯಾ ಅಂದ. ನನ್ನ ಹೊಟ್ಟೇಲಿ ಸುಳ್ಳಿ ಹುಟ್ಟಿದ್ಳು ಅಂದ."

"ಅದು ಅವ್ರ ಮನೆ ಮಾತು."

"ನಮ್ಮ ಕಂಬ್ಳಿ ನೆಂದಿತ್ತು ಕಣೇ."

"ನೆಂದಿತ್ತು, ಒಣಗ್ತು. ಈಗ ಯಾರು ನೋಡ್ತಾರೆ?"

"ಆ ಮಗು ನೋಡೈತೆ."

"ನೀವೇನ್ ವಿಮಾನ ಓಡ್ಸಿದ್ರಾ? ಸುಮ್ಕಿರ್ರಿ. ಕೆಲ್ಸ ಹೋಗ್ಲಿ, ಪೋಲೀಸ್ರು ಬಂದು ಕರ್ಕೊಂಡು ಹೋದ್ರೆ? ಈ ವಯಸ್ಸಿಗೆ ಜೈಲು ನೋಡ್ಬೇಕಾ?"

"ಸುಳ್ಳು ಹೇಳಿದ್ದು ಕಂಬ್ಳಿ. ಬೈಸ್ಕೊಂಡಿದ್ದು ಮಗು."

ನನಗೆ ಹೆದರಿಕೆ. ಹೆದರಿಕೆಗೆ ಸಿಟ್ಟು ಬಂತು. ನೀವು ಬಾಯಿಬಿಟ್ಟರೆ ನಾನು ತವರಿಗೆ ಹೋಗುತ್ತೇನೆ ಎಂದೆ. ಐವತ್ತೇಳು ವರ್ಷದ ಹೆಂಗಸು ಆಡುವ ಮಾತೇ ಅದು? ಅವರು ನನ್ನ ಮುಖ ನೋಡಿ, "ಹೋಗು. ಅಲ್ಲೂ ಕಂಬ್ಳೀನೇ ನೇಯ್ತಾರೆ" ಎಂದರು.

ನಾನು ಕೆಟ್ಟವಳಲ್ಲ. ಆ ಸಂಜೆ ಮಾತ್ರ ಬೇರೆಯವರ ಮಗಳ ಮಾತು ಸುಳ್ಳಾದರೂ ಪರವಾಗಿಲ್ಲ, ನನ್ನ ಗಂಡ ಮನೆಯಲ್ಲಿರಲಿ ಎಂದುಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮೂರನೇ ದಿನ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಶೆಡ್ಡಿನ ಮುಂದೆ ಮೇಜು ಹಾಕಿ ಕೂತಿದ್ದರು. ಕ್ಯಾಪ್ಟನ್ ಸಾಹೇಬರು, ಅಮರೇಶ್ ಇಬ್ಬರೂ ನಿಂತಿದ್ದರು. ಇವರು ಬೆಳಿಗ್ಗೆ ನನಗೆ ಏನೂ ಹೇಳದೆ ಹೋಗಿದ್ದರು. ನಾನು ಬುತ್ತಿಯ ನೆಪ ಮಾಡಿಕೊಂಡು ಹಿಂದೆಯೇ ಹೋಗಿ ಗೇಟಿನ ಹತ್ತಿರ ನಿಂತೆ.

ಅಧಿಕಾರಿಗಳಲ್ಲಿ ವಯಸ್ಸಾದವರಿಗೆ ಕನ್ನಡ ಬರುತ್ತಿತ್ತು. ಇವರನ್ನು ಕರೆದು, ಅವತ್ತು ರನ್‌ವೇ ಮೇಲೆ ಕುರಿ ದನ ಏನಾದರೂ ಬಂದಿತ್ತಾ ಎಂದು ಕೇಳಿದರು.

"ಏನೂ ಬಂದಿರ್ಲಿಲ್ಲ ಸಾಹೇಬ್ರೇ. ನಂಗೆ ಹತ್ತು ನಿಮಿಷ ಕೊಡ್ರಿ. ಒಂದು ತೋರಿಸ್ಬೇಕು."

ಹೋಗಿ ಕಂಬದ ಹಗ್ಗ ಬಿಚ್ಚಿದರು. ಚೀಲ ಇಳಿಸಿದರು. ವಿಮಾನ ತೊಳೆಯಲು ಡ್ರಮ್ಮಿನಲ್ಲಿ ನೀರು ಇಟ್ಟಿರುತ್ತಿದ್ದರು. ಅದರೊಳಗೆ ಚೀಲ ಮುಳುಗಿಸಿ, ಕೈಯಿಂದ ಒತ್ತಿ ಹಿಡಿದರು. ಅಮರೇಶ್, "ಏಯ್ ಚಿಕ್ಕೀರಪ್ಪ, ಏನ್ ಮಾಡ್ತಿದೀಯಯ್ಯ?" ಎಂದು ಓಡಿ ಬಂದ. ಇವರು ಕೈ ನಿಲ್ಲಿಸಲಿಲ್ಲ. ನೀರು ಸುರಿಯುವ ಚೀಲವನ್ನು ಮತ್ತೆ ಕಂಬಕ್ಕೆ ಏರಿಸಿ ಹಗ್ಗ ಕಟ್ಟಿದರು.

ಗಾಳಿ ಚೆನ್ನಾಗಿತ್ತು. ಮೇಜಿನ ಮೇಲಿನ ಕಾಗದಗಳು ಹಾರುತ್ತಿದ್ದವು. ಇನ್ನೊಬ್ಬ ಅಧಿಕಾರಿ ಎರಡೂ ಕೈಯಲ್ಲಿ ಅವುಗಳನ್ನು ಅದುಮಿಕೊಂಡು ತಲೆ ಎತ್ತಿ ನೋಡಿದರು. ಕಂಬದ ಮೇಲೆ ಚೀಲ ಕಂಬಕ್ಕೆ ಆತುಕೊಂಡು ಜೋತುಬಿದ್ದಿತ್ತು. ಗಾಳಿಯೇ ಇಲ್ಲವೇನೋ ಎನ್ನುವ ಹಾಗೆ.



"ಅವತ್ತು ಒಂಬತ್ತಕ್ಕೆ ಮಳೆ ಬಂದಿತ್ತು ಸಾಹೇಬ್ರೇ. ಆ ಮಗು ನೋಡಿದ್ದು ಇದನ್ನ. ಸುಳ್ಳು ಹೇಳಿಲ್ಲ" ಎಂದರು ಇವರು.

"ಇದನ್ನ ಹೊಲಿದಿದ್ದು ಯಾರು?"

"ನಾನೇ ಸಾಹೇಬ್ರೇ."

"ನೀನಾ? ಯಾವುದರಲ್ಲಿ ಹೊಲಿದೆ?"

"ಸೂಜೀಲಿ ಸಾಹೇಬ್ರೇ."

"ಯಾವ ದಾರ?"

ಇವರು ಚೀಲದ ಕಡೆ ನೋಡಿದರು. ನೆಲ ನೋಡಿದರು. ದೊಡ್ಡ ಕಿವಿ ಕೆಂಪಗಾಗಿತ್ತು. ನನಗೆ ಇನ್ನು ತಡೆಯಲು ಆಗಲಿಲ್ಲ. ಬುತ್ತಿ ಹಿಡಿದುಕೊಂಡೇ ಮೇಜಿನ ಹತ್ತಿರ ಹೋದೆ.

"ಸಾಹೇಬ್ರೇ, ಈ ಮನುಷ್ಯಂಗೆ ಅಂಗಿಗೆ ಗುಂಡಿ ಹಚ್ಚೋಕೆ ಬರಲ್ಲ. ಹೊಲ್ದೋಳು ನಾನು. ಗಂಜಿ ಹಾಕ್ದೋಳೂ ನಾನು. ಕಂಬಳೀಲಿ ಮಾಡ್ತೀನಿ ಅಂದೋಳೂ ನಾನೇ. ಬರ್ಕಳ್ರಿ."

"ಹೆಸರೇನಮ್ಮ?"

"ಉಚ್ಚಂಗೆಮ್ಮ."

ಅಧಿಕಾರಿ ಬರೆದುಕೊಂಡರು. ಇವರು ನನ್ನ ಕಡೆ ಬಗ್ಗಿ ಹಲ್ಲು ಕಚ್ಚಿಕೊಂಡು, "ತವರಿಗೆ ಹೋಗ್ತೀನಿ ಅಂದಿದ್ದಲ್ಲೇ, ಹೋಗ್ಬಾರ್ದಿತ್ತಾ?" ಎಂದರು.

ಆಮೇಲೆ ಕ್ಯಾಪ್ಟನ್ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. ಅವರ ಅರ್ಧಂಬರ್ಧ ಕನ್ನಡದಲ್ಲಿ, "ಇದು ಚೆನ್ನಾಗಿದೆ ಅಂತ ಫೋಟೋ ತೆಗೆದವನು ನಾನು. ಹುಡುಗಿ ಇಳಿಯುವಾಗ ನಾನು ಹೊರಗೆ ಇರಬೇಕಿತ್ತು. ಫೋನಿಗೆ ಒಳಗೆ ಹೋದೆ. ಅದೂ ಬರೀರಿ" ಎಂದರು. ಅಮರೇಶ್ ಬೂಟು ನೋಡಿಕೊಂಡೇ, "ಹೊಸದು ಬೇಡ ಅಂದಿದ್ದು ನಾನು ಸಾರ್" ಎಂದ.

ಈ ಇಬ್ಬರನ್ನೂ ನಾನು ಇವತ್ತಿಗೂ ನೆನೆಯುತ್ತೇನೆ. ಓದಿದವರು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ನಮ್ಮ ತಲೆಗೇ ಬರುತ್ತಿತ್ತು. ಅವರು ಹಾಗೆ ಮಾಡಲಿಲ್ಲ.

ಪೋಲೀಸರು ಬರಲಿಲ್ಲ. ತಿಂಗಳ ಕೊನೆಗೆ ಕೆಲಸ ಹೋಯಿತು. ಮೇಲಿನವರ ತೀರ್ಮಾನ ಎಂದ ಅಮರೇಶ್. ಇವರು ಬ್ಯಾಟರಿ, ಬೀಗದಕೈ, ಟೋಪಿ ವಾಪಸ್ಸು ಕೊಟ್ಟು ಬಂದರು. ಅಮರೇಶನಿಗೆ ಶಾಪ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ವಾರ ಹಾಕಿದೆ. ಆಮೇಲೆ ಬಿಟ್ಟೆ.

ಒಂದು ಭಾನುವಾರ ನಮ್ಮ ಬಾಗಿಲಿಗೆ ಕಾರು ಬಂತು. ಜಂಬುಲಿಂಗಪ್ಪನವರು ಇಳಿದರು. ಹಣೆಯ ತುಂಬ ವಿಭೂತಿ, ದೊಡ್ಡ ಆಳು. ಮಗಳ ಭುಜ ಮುರಿದವರನ್ನು ಕೇಳಲು ಬಂದರು ಎಂದು ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ.

"ಚಿಕ್ಕೀರಪ್ಪ ಅಂದ್ರೆ ನೀವಾ?"

"ಹೌದ್ರಿ ಸಾಹುಕಾರ್ರೆ. ಬೈಯೋದಿದ್ರೆ ಕೂತ್ಕೊಂಡು ಬೈಯ್ರಿ."

ಅವರು ಕಟ್ಟೆಯ ಮೇಲೆ ಕೂತರು.

"ಮಗಳ ಹತ್ರ ಮಾತು ಬಿಟ್ಟಿದ್ದೆ ನಾನು. ಸುಳ್ಳಿ ಅಂದ್ಬಿಟ್ಟಿದ್ದೆ. ನೀವು ಚೀಲ ನೆನೆಸಿ ತೋರಿಸಿದ್ದು ವಿಚಾರಣೆ ಸಾಹೇಬ್ರು ಹೇಳಿದ್ರು. ಹೋಗಿ ತಪ್ಪಾಯ್ತು ಕಣವ್ವಾ ಅಂದೆ. ಮಗಳಿಗೆ ಆ ಮಾತು ಹೇಳಿದ್ದು ಇದೇ ಮೊದ್ಲು."

"ಏನಂದ್ಳು?"

"ಹಂಗಾದ್ರೆ ಮತ್ತೆ ಹಾರ್ತೀನಿ ಅಂದ್ಳು."

ನಮ್ಮವರು ನಕ್ಕರು. ಅವರೂ ನಕ್ಕರು. ನಗುತ್ತಾ ಕಣ್ಣು ಒರೆಸಿಕೊಂಡರು.

"ಕಳಿಸ್ತೀರಾ?"

"ಒಪ್ಪಂದ ಆಗೈತಲ್ಲ. ಅವಳು ತಪ್ಪು ಮಾಡಿಲ್ಲ ಅಂದ್ಮೇಲೆ ನಾನು ಏನಂತ ತಡೀಲಿ?"

ಡ್ರೈವರು ಕಾರಿನಿಂದ ಒಂದು ಡಬ್ಬ ಶೇಂಗಾ ಎಣ್ಣೆ ಇಳಿಸಿದ. ಇವರು ಬೇಡವೇ ಬೇಡ ಎಂದರು. ನಿಮ್ಮ ಮಗಳನ್ನು ಬೀಳಿಸಿದವರು ನಾವು, ಎಣ್ಣೆ ತಗೊಂಡರೆ ಚೆನ್ನಾಗಿರಲ್ಲ ಎಂದರು. ಎಳೆದು ತೆಗೆದವರೂ ನೀವೇ ಎಂದರು ಅವರು. ಬೇಡ ಎಂದು ಇವರು, ಇಟ್ಟುಕೊಳ್ಳಿ ಎಂದು ಅವರು. ನಾನು ಹೊರಗೆ ಬಂದು, "ಕೊಡಪ್ಪಾ ಇಲ್ಲಿ" ಎಂದು ಡ್ರೈವರನ ಕೈಯಿಂದ ಡಬ್ಬ ಇಸಿದುಕೊಂಡು ಒಳಗಿಟ್ಟೆ. ಆ ವರ್ಷದ ಹಬ್ಬಗಳೆಲ್ಲ ಅದರಲ್ಲೇ ಆದವು.

ಐದು ತಿಂಗಳ ಮೇಲೆ ದಾಕ್ಷಾಯಿಣಿ ಮತ್ತೆ ಒಬ್ಬಳೇ ಹಾರಿಸಿದಳು. ಹಿಂದಿನ ದಿನ ಫೋನು ಮಾಡಿ ಇಬ್ಬರೂ ಬರಬೇಕು ಎಂದಿದ್ದಳು. ಇವರು ಆಗ ನಮ್ಮ ಪಕ್ಕದ ಮನೆಯ ಚಿನ್ನಯ್ಯನ ಕುರಿಮರಿಗಳನ್ನು ನೋಡಿಕೊಳ್ಳುತ್ತಿದ್ದರು. ಒಳಗೆ ಹೋಗಲಿಲ್ಲ. ಬೇಲಿಯ ಹೊರಗೆ ನಿಂತೆವು. ಕಂಬದ ಮೇಲೆ ಹೊಸ ಚೀಲ ಇತ್ತು, ತೆಳ್ಳನೆಯದು. ಬೇಗ ಹರಿಯುವ ಬಟ್ಟೆ. ಅದೇ ಸರಿ.

ವಿಮಾನ ಇಳಿಯಲು ಬರುವಾಗ ಇವರು ಬೆನ್ನು ತಿರುಗಿಸಿ ನಿಂತರು.

"ನೋಡ್ರಿ, ಬಂತು."

"ನೀನು ನೋಡು. ನಾನು ಕೇಳ್ತಿದೀನಿ."

ಚಕ್ರ ನೆಲ ಮುಟ್ಟಿದ ಸದ್ದು ಬಂತು. ಪುಟಿಯಲಿಲ್ಲ. ಉದ್ದಕ್ಕೆ ಓಡಿ ನಿಧಾನವಾಯಿತು. "ಇಳೀತು" ಎಂದು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಎಬ್ಬಿಸಲು ನಾನು ಕೈ ಕೊಡಬೇಕಾಯಿತು.

ಈಗ ಅವಳು ಬೇರೆ ಊರಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾಳೆ. ಹೊಸಬರು ಬಂದರೆ ಮೊದಲ ದಿನ ಗಾಳಿಚೀಲವನ್ನು ಕೈಯಲ್ಲಿ ಮುಟ್ಟಿಸುತ್ತಾಳಂತೆ. ಯುಗಾದಿಗೆ ತಪ್ಪದೆ ನಮ್ಮ ಮನೆಗೆ ಬರುತ್ತಿದ್ದಳು.

ಈ ಮಾಘದಲ್ಲಿ ಬೆಳಿಗ್ಗೆ ಕುರಿ ಬಿಡುವ ಹೊತ್ತಿಗೆ ಇವರಿಗೆ ಎದೆನೋವು ಬಂತು. ಚಿನ್ನಯ್ಯ ಗಾಬರಿಯಲ್ಲಿ ಜಂಬುಲಿಂಗಪ್ಪನವರಿಗೆ ಫೋನು ಮಾಡಿದ. ಕಾರು ಇದ್ದವರೆಂದರೆ ನಮಗೆ ಗೊತ್ತಿದ್ದವರು ಅವರೊಬ್ಬರೇ. ಅವತ್ತು ಅವರು ಶೇಂಗಾ ನೋಡಲು ಬಿ.ಜಿ. ಕೆರೆಗೇ ಬಂದಿದ್ದರು. ಅವರ ಕಾರಿನಲ್ಲಿಯೇ ಚಳ್ಳಕೆರೆಗೆ ಹೋದೆವು. ಇನ್ನು ಸ್ವಲ್ಪ ತಡವಾಗಿದ್ದರೆ ದಾರಿಯಲ್ಲೇ ಜೀವ ಹೋಗುತ್ತಿತ್ತು ಎಂದರು ಡಾಕ್ಟರು.

ಒಂಬತ್ತು ದಿನ ಇದ್ದರು. ಆ ಒಂಬತ್ತು ದಿನ ಅವರು ಆಡಿದಷ್ಟು ಮಾತು ನಲವತ್ತೊಂದು ವರ್ಷದಲ್ಲಿ ಆಡಿರಲಿಲ್ಲ. ನನಗೆ ಗೊತ್ತೇ ಇರದ ಊರು, ಹಳ್ಳ, ಸತ್ತುಹೋದ ನಾಯಿಗಳ ಹೆಸರು ಎಲ್ಲ ಹೇಳಿದರು. ಒಂದು ಮಧ್ಯಾಹ್ನ ಹೇಳಿದರು:

"ಅವತ್ತು ನೀನು ಬಂದು ಹೆಸ್ರು ಬರೆಸಿದ್ದಕ್ಕೆ ಭಾಳ ಸಿಟ್ಟು ಬಂದಿತ್ತು ಕಣೇ."

"ಈಗ?"

"ಈಗ ಹಸಿವಾಗೈತೆ. ಇಡ್ಲಿ ತರ್ತೀಯಾ?"

ಹತ್ತನೇ ದಿನ ಬೆಳಿಗ್ಗೆ ಹೋದರು. ನನಗೆ ದುಃಖವಿಲ್ಲವೇ? ಇದೆ. ಮನೆಗೆ ಬಂದರೆ 'ಏನೇ' ಎನ್ನುವವರಿಲ್ಲ. ಆದರೆ ಆ ಸಂಜೆ ಅವರು ನನ್ನ ಮಾತು ಕೇಳಿ ಸುಮ್ಮನಿದ್ದಿದ್ದರೆ ಆ ಕಾರು ಬರುತ್ತಿರಲಿಲ್ಲ. ಆ ಒಂಬತ್ತು ದಿನ ನನಗೆ ಸಿಗುತ್ತಿರಲಿಲ್ಲ. ನನ್ನ ಮಾತು ಕೇಳದೆ ಇದ್ದದ್ದಕ್ಕೆ ಅವರಿಗೆ ಕೈ ಮುಗಿಯುತ್ತೇನೆ. ಆ ಕಾರಿಗೂ, ಅದನ್ನು ತಂದವರಿಗೂ ಮುಗಿಯುತ್ತೇನೆ.

ಹನ್ನೊಂದನೇ ದಿನಕ್ಕೆ ದಾಕ್ಷಾಯಿಣಿ ಬಂದಳು. ಹೆಂಗಸರ ನಡುವೆ ನನ್ನ ಪಕ್ಕ ಚಾಪೆಯ ಮೇಲೆ ಕೂತಳು. ಊಟಕ್ಕೆ ಎಲೆ ಹಾಕಿದ್ದರು. ಗೌರಸಮುದ್ರದಿಂದ ಬಂದಿದ್ದ ನನ್ನ ನಾದಿನಿ ಚಿಕ್ಕಕ್ಕ ಇವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನ್ಯಾರವ್ವಾ? ನಮ್ಮಣ್ಣಂಗೆ ಏನಾಗ್ಬೇಕು?"

"ಅವ್ರು ನನ್ನ ವಿಮಾನದಿಂದ ಎಳೆದು ತೆಗೆದ್ರು. ನನ್ನ ಮಾತು ಸುಳ್ಳಲ್ಲ ಅಂತ ತೋರಿಸ್ಕೊಟ್ರು."

"ಮೊದ್ಲು ನಾವು ಬೀಳಿಸಿದ್ದು ಹೇಳವ್ವಾ" ಎಂದೆ ನಾನು. "ಪೂರ್ತಿ ಹೇಳು. ಅರ್ಧ ಹೇಳಿದ್ರೆ ಅವ್ರಿಗೆ ಆಗ್ತಿರ್ಲಿಲ್ಲ."

ಅವಳು ನನ್ನ ಮುಖ ನೋಡಿದಳು. ನಾನು ಹೇಳು ಎಂದು ತಲೆ ಆಡಿಸಿದೆ. ಅವಳು ಮೊದಲಿಂದ ಶುರುಮಾಡಿದಳು. ಸುತ್ತ ಇದ್ದ ಹೆಂಗಸರು ಹತ್ತಿರ ಸರಿದು ಕೂತರು. ನಾನು ಎಲೆ ಹತ್ತಿರಕ್ಕೆ ಎಳೆದುಕೊಂಡು, ಅವಳು ಹೇಳುವುದನ್ನು ಕೇಳುತ್ತಾ ಉಂಡೆ. ಅವರು ಹೋದ ಮೇಲೆ ಹೊಟ್ಟೆ ತುಂಬ ಉಂಡದ್ದು ಅವತ್ತೇ.